ಮೂವತ್ತನಾಲ್ಕನೆಯ ಪುಟದ ಮನೆ

ಎಲ್ಲಕ್ಕೂ ಕಾರಣ ರಾಂಗೆಲನ ಬಲದವಡೆಯ ಒಂದು ಹಲ್ಲು. ಆ ಹಲ್ಲು ಸೆಪ್ಟೆಂಬರಿನಲ್ಲಿ ನೋಯದೆ ಇದ್ದಿದ್ದರೆ ಅವನು ದಂತವೈದ್ಯರಲ್ಲಿಗೆ ಹೋಗುತ್ತಿರಲಿಲ್ಲ. ಹೋಗದಿದ್ದರೆ ಅಲ್ಲಿ ಮುಕ್ಕಾಲು ಗಂಟೆ ಕಾಯುತ್ತಿರಲಿಲ್ಲ. ಕಾಯದಿದ್ದರೆ ಮೇಜಿನ ಮೇಲೆ ಬಿದ್ದಿದ್ದ ‘ಬೆಳಕಿನ ಮನೆ’ ಪತ್ರಿಕೆಯ ಮೂವತ್ತನಾಲ್ಕನೆಯ ಪುಟ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಬೀಳದಿದ್ದರೆ, ಅಕ್ಟೋಬರಿನ ಆ ಭಾನುವಾರ ಅವನ ಅತ್ತೆ, ಗಟ್ಟಿಮುಟ್ಟಾಗಿ ಬದುಕಿರುವಾಗಲೇ, ನಾಲ್ಕು ಮಹಡಿಯ ಜನರ ಪಾಲಿಗೆ ತೀರಿಕೊಳ್ಳುತ್ತಿರಲಿಲ್ಲ.

ಆ ಪುಟದಲ್ಲಿ ಒಂದು ಕೋಣೆಯ ಚಿತ್ರವಿತ್ತು. ಬಿಳಿ ಗೋಡೆ, ಬಿಳಿ ಪರದೆ, ಬಿಳಿ ಜಮಖಾನ. ನಡುವೆ ಉದ್ದನೆಯ ಬರಿಯ ಮರದ ಮೇಜು. ಮೇಜಿನ ಮೇಲೆ ಒಂದು ದಪ್ಪ ಮೇಣದಬತ್ತಿ, ಪಕ್ಕದ ಗಾಜಿನ ಹೂದಾನಿಯಲ್ಲಿ ನಾಲ್ಕು ಬಿಳಿ ಲಿಲ್ಲಿ. ಕುರ್ಚಿ ಒಂದೇ ಒಂದು. ಕೆಳಗೆ ಒಂದೇ ಸಾಲು: ‘ಮೌನಕ್ಕೂ ಒಂದು ಕೋಣೆ ಬೇಕು.’

ರಾಂಗೆಲ್ ಆ ಸಾಲನ್ನು ಮೂರು ಸಲ ಓದಿದ. ಹಲ್ಲುನೋವು ಮರೆತುಹೋಯಿತು. ನರ್ಸ್ ಹೆಸರು ಕೂಗಿದಾಗ ಪತ್ರಿಕೆಯನ್ನು ಅಂಗಿಯೊಳಗೆ ತುರುಕಿಕೊಂಡು ಎದ್ದ. ನಲವತ್ತೊಂಬತ್ತು ವರ್ಷಗಳಲ್ಲಿ ಅವನು ಮಾಡಿದ ಮೊದಲ ಕಳ್ಳತನ ಅದು. ಒಳಗೆ ವೈದ್ಯರು ಅವನ ಮೇಲೆ ಬಗ್ಗಿದಾಗಲೆಲ್ಲ ಅಂಗಿಯೊಳಗೆ ಕಾಗದ ಸರಸರ ಎನ್ನುತ್ತಿತ್ತು.

“ಹಲ್ಲೇನೋ ಸರಿ ಮಾಡಿದೀನಿ. ಎದೇಲಿ ಏನೋ ಸದ್ದು ಬರ್ತಿದೆ, ಒಂದ್ಸಲ ತೋರಿಸ್ಕೊಳ್ಳಿ,” ಎಂದರು ವೈದ್ಯರು.

ರಾಂಗೆಲನಿಗೆ ಮೌನದ ಹಸಿವು ಸುಮ್ಮನೆ ಹುಟ್ಟಿದ್ದಲ್ಲ. ರೂಸೆ ಪಟ್ಟಣದ ನೀರು ಸರಬರಾಜು ಕಚೇರಿಯಲ್ಲಿ ಫೋನಿನಲ್ಲಿ ಬರುವ ದೂರು ಕೇಳುವುದು ಅವನ ಕೆಲಸ. ಊರಿನ ಅಷ್ಟೂ ನಲ್ಲಿಗಳ ಪರವಾಗಿ ದಿನಕ್ಕೆ ಎಂಟು ಗಂಟೆ ಬೈಸಿಕೊಂಡು ಮನೆಗೆ ಬಂದರೆ ಅಲ್ಲಿ ಶೋಕೇಸು ಕಾದಿರುತ್ತಿತ್ತು.

ಅದು ಅತ್ತೆ ದೆಸ್ಪಾ ಮಗಳಿಗೆ ಕೊಟ್ಟ ಬಳುವಳಿ. ಈ ಗೋಡೆಯಿಂದ ಆ ಗೋಡೆಯವರೆಗೆ, ನೆಲದಿಂದ ಸೂರಿನವರೆಗೆ ಕಂದು ಬಣ್ಣದಲ್ಲಿ ಹೊಳೆಯುವ ಶೋಕೇಸು. ಒಳಗೆ ಯಾರೂ ಎಂದೂ ಕುಡಿಯದ ನಲವತ್ತಾರು ಹರಳುಗಾಜಿನ ಲೋಟಗಳು, ಬಾಯಿ ತೆರೆದ ಪಿಂಗಾಣಿ ಮೀನು, ಒಂದು ಕೈ ಮುರಿದ ನರ್ತಕಿ, ಪ್ರತಿ ಅರೆಗೂ ಅತ್ತೆಯೇ ಕೈಯಾರೆ ಹೆಣೆದ ಕಸೂತಿ ಹಾಸು, ಮತ್ತು ಇದೆಲ್ಲದರ ನಡುವೆ ಎತ್ತರದ ತುರುಬು ಕಟ್ಟಿಕೊಂಡ ಅತ್ತೆಯ ಹರೆಯದ ಫೋಟೋ. ಹನ್ನೊಂದು ನಿಮಿಷಕ್ಕೊಮ್ಮೆ ಕೆಳಗಿನ ರಸ್ತೆಯಲ್ಲಿ ಟ್ರಾಲಿಬಸ್ಸು ಹೋಗುತ್ತಿತ್ತು. ಆಗ ನಲವತ್ತಾರು ಲೋಟಗಳೂ ಒಟ್ಟಿಗೆ, ಚಳಿಜ್ವರ ಬಂದವರ ಹಲ್ಲಿನಂತೆ ಕಟಕಟ ಎನ್ನುತ್ತಿದ್ದವು. ಇಪ್ಪತ್ತೆರಡು ವರ್ಷಗಳಿಂದ ರಾಂಗೆಲ್ ಆ ಹನ್ನೊಂದು ನಿಮಿಷಗಳ ನಡುನಡುವೆ ಬದುಕುತ್ತಿದ್ದ.

ಹೆಂಡತಿ ಸ್ನೆಜಾಗೆ ಪುಟ ತೋರಿಸಿದ.

“ಇದೇನು ಮನೆಯಾ, ಆಸ್ಪತ್ರೆಯಾ?” ಎಂದಳು.

“ಶಾಂತಿ ಕಣೇ ಇದು.”

“ಕುರ್ಚಿ ಒಂದೇ ಇದೆಯಲ್ಲ. ನಾನೆಲ್ಲಿ ಕೂರ್ಲಿ?”

ರಾಂಗೆಲ್ ಅದನ್ನು ಯೋಚಿಸಿರಲಿಲ್ಲ. ಆದರೆ ಬಿಡಲೂ ಇಲ್ಲ. ಬೆಳಿಗ್ಗೆ ಪುಟ ತೋರಿಸಿದ, ಸಂಜೆ ತೋರಿಸಿದ, ಸೂಪಿನ ತಟ್ಟೆಯ ಪಕ್ಕದಲ್ಲಿಟ್ಟು ತೋರಿಸಿದ. ಎಂಟನೆಯ ದಿನ ಸ್ನೆಜಾ ಚಮಚ ಕುಕ್ಕಿದಳು.

“ನೋಡು, ಆ ಪತ್ರಿಕೆಯೋರೇ ಬಂದು ಫೋಟೋ ಹಿಡಿದು ಅಚ್ಚು ಹಾಕ್ಲಿ. ಫೋಟೋದಲ್ಲಿ ಏನಿರತ್ತೋ ಅದು ನಮ್ಮನೇಲಿರ್ಲಿ. ಏನಿರಲ್ವೋ ಅದು ಹೊರಗೆ. ನಾನು ತುಟಿ ಎರಡು ಮಾಡಲ್ಲ.”

ಪತ್ರಿಕೆಯವರು ರಾಜಧಾನಿ ಬಿಟ್ಟು ರೂಸೆಯ ಈ ಮೂಲೆಗೆ ಬರುವುದುಂಟೇ ಎಂಬ ಧೈರ್ಯದಿಂದ ಅವಳು ಹೇಳಿದ್ದು. ಆದರೆ ರಾಂಗೆಲ್ ಗುಮಾಸ್ತ. ಬಾಯಿಮಾತಿಗೆ ಬೆಲೆ ಎಷ್ಟೆಂದು ಬಲ್ಲವನು. ಅದೇ ಪುಟದ ಅಂಚಿನಲ್ಲಿ ಅವಳ ಕೈಯಲ್ಲೇ ಆ ಮಾತನ್ನು ಬರೆಸಿ, ಸಹಿ ಹಾಕಿಸಿ, ತಾನೂ ಸಹಿ ಹಾಕಿ, ತಾರೀಖನ್ನೂ ಬರೆಸಿದ. ಆಮೇಲೆ ಪತ್ರಿಕೆಯ ‘ಓದುಗರ ಮನೆ’ ವಿಭಾಗಕ್ಕೆ ಒಂದು ಪತ್ರ ಬರೆದ. ಆರೇ ದಿನಕ್ಕೆ ಉತ್ತರ ಬಂತು: ಭಾನುವಾರ ಮಧ್ಯಾಹ್ನ ಮೂರಕ್ಕೆ ಸಂಪಾದಕಿ ಕಾಲಿನಾ ಕ್ಯಾಮರಾ ಸಮೇತ ಬರುತ್ತಾರೆ.

ಅದೃಷ್ಟವೂ ಕೂಡಿಬಂತು. ಪ್ರತಿ ಶರತ್ಕಾಲದಂತೆ ಹಳ್ಳಿಯಿಂದ ಬಂದಿದ್ದ ದೆಸ್ಪಾಳನ್ನು ಮೊಣಕಾಲು ನೋವಿಗೆಂದು ಸ್ನೆಜಾ ಹಿಸಾರ್ಯದ ಬಿಸಿನೀರಿನ ಬುಗ್ಗೆಗೆ ಒಂದು ವಾರ ಕರೆದುಕೊಂಡು ಹೋದಳು. ಭಾನುವಾರ ಸಂಜೆ ಐದಕ್ಕೆ ವಾಪಸು. ಸೋಮವಾರ ಅತ್ತೆ ಹಳ್ಳಿಗೆ.

“ಫೋಟೋ ಆಗ್ಲಿಲ್ಲ ಅಂದ್ರೆ ನಾನು ಬರೋಷ್ಟ್ರಲ್ಲಿ ಎಲ್ಲಾ ಇದ್ದ ಜಾಗದಲ್ಲಿ ಇರ್ಬೇಕು,” ಎಂದು ಹೊರಡುವಾಗ ಸ್ನೆಜಾ ಎಚ್ಚರಿಸಿದಳು. “ಒಂದು ಲೋಟ ಕಮ್ಮಿಯಾದ್ರೂ ಅಮ್ಮಂಗೆ ಉತ್ತರ ಕೊಡೋನು ನೀನೇ.”

ಶನಿವಾರ ರಾಂಗೆಲ್ ಶೋಕೇಸನ್ನು ಐದು ತುಂಡಾಗಿ ಬಿಚ್ಚಿದ. ಎದುರುಮನೆಯ ವಿಧವೆ ಎವ್ದೋಕಿಯಾ ತನ್ನ ಹಜಾರದಲ್ಲಿ ಜಾಗ ಕೊಟ್ಟಳು. ಹೊರಲು ಬಂದವನು ಕಟ್ಟಡದ ಮುಖ್ಯಸ್ಥ ಸ್ತಾಮೆನ್. ಆತ ನಿವೃತ್ತ ಸ್ಟೇಷನ್ ಮಾಸ್ಟರ್. ರೈಲು ಹೊರಡಿಸಿದ ಗತ್ತಿನಲ್ಲೇ ಈಗಲೂ ಮಾತಾಡುತ್ತಿದ್ದ. ಎವ್ದೋಕಿಯಾ ತುಂಡುಗಳನ್ನು ಜೋಡಿಸಿ, ಲೋಟ ಲೋಟವನ್ನೂ ಒರೆಸಿ, ಮೀನನ್ನೂ ನರ್ತಕಿಯನ್ನೂ ಅವುಗಳ ಜಾಗದಲ್ಲೇ ಕೂರಿಸಿದಳು.

“ಒಂದೇ ದಿನಕ್ಕೆ ಯಾಕೆ ಚಿಕ್ಕಮ್ಮ ಇಷ್ಟು ಕಷ್ಟ?” ಎಂದ ರಾಂಗೆಲ್.

“ಒಂದು ದಿನ ಆದ್ರೂ ನಾನೂ ಶೋಕೇಸ್ ಇರೋಳು ಅನ್ನಿಸ್ಕೋತೀನಿ ಬಿಡಪ್ಪ.”

ಸಂಜೆಯೊಳಗೆ ಗೋಡೆಗೆ ಬಿಳಿ ಬಣ್ಣ ಬಿತ್ತು, ನೆಲಕ್ಕೆ ಬಿಳಿ ಜಮಖಾನ ಬಂತು. ಗೋಡೆಗೆ ಎಂಟು ಸ್ಕ್ರೂ ಹೊಡೆದು ಕೂರಿಸಿದ್ದ ದೊಡ್ಡ ಕನ್ನಡಿ ಮಾತ್ರ ಅಲುಗಲಿಲ್ಲ. ಅದರ ಮೇಲೊಂದು ಬಿಳಿ ಹಾಸಿಗೆ ಹೊದಿಕೆ ಇಳಿಬಿಟ್ಟ.

ಭಾನುವಾರ ಬೆಳಿಗ್ಗೆ ಹೂವಿಗೆ ಹೋದ.

“ಬಿಳಿ ಲಿಲ್ಲಿ ಕೊಡಮ್ಮ, ನಾಲ್ಕು.”

ಬೀದಿ ಮೂಲೆಯ ಹೂವಿನವಳ ಕೈ ನಿಂತಿತು. “ಮೂರಾ? ಐದಾ?”

“ನಾಲ್ಕು.”

“ಅಯ್ಯೋ ದೇವರೇ. ಯಾರಪ್ಪ?”

“ಯಾರೂ ಇಲ್ಲಮ್ಮ.”

“ಆಯ್ತು, ಆಯ್ತು. ಬಾಯಲ್ಲಿ ಹೇಳೋಕೆ ಆಗಲ್ಲ ಬಿಡು,” ಎನ್ನುತ್ತ ಅವಳು ದಂಟುಗಳಿಗೆ ಕಪ್ಪು ರಿಬ್ಬನ್ ಸುತ್ತಿ, ಸೆರಗಿಲ್ಲದ್ದಕ್ಕೆ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

ಬದುಕಿರುವವರಿಗೆ ಬೆಸ, ಸತ್ತವರಿಗೆ ಸರಿ. ಹೂವಿನ ಈ ಲೆಕ್ಕ ಆ ಊರಿನಲ್ಲಿ ಮಗ್ಗಿ ಬಾರದ ಮಕ್ಕಳಿಗೂ ಬರುತ್ತಿತ್ತು. ರಾಂಗೆಲನಿಗೂ ಬರುತ್ತಿತ್ತು. ಮನೆಗೆ ಬಂದು ಹೂದಾನಿಯ ಮುಂದೆ ಬಹಳ ಹೊತ್ತು ನಿಂತ. ಒಂದನ್ನು ಹೊರತೆಗೆದ. ಪುಟ ನೋಡಿದ. ಮತ್ತೆ ಒಳಗಿಟ್ಟ. ಪತ್ರಿಕೆಯವರಿಗಿಂತ ತಾನು ಹೆಚ್ಚು ಬಲ್ಲವನೇ? ನಾಲ್ಕು ಎಂದರೆ ನಾಲ್ಕು.

ಬಣ್ಣದ ವಾಸನೆ ಹೋಗಲೆಂದು ಮುಂಬಾಗಿಲನ್ನು ತೆರೆದಿಟ್ಟ. ಮೇಣದಬತ್ತಿ ಹಚ್ಚಿದ. ಗೋಡೆ ಗಡಿಯಾರದ ಟಿಕ್ ಟಿಕ್ ಈಗ ಸುತ್ತಿಗೆಯ ಏಟಿನಂತೆ ಕೇಳುತ್ತಿತ್ತು, ಅದನ್ನೂ ನಿಲ್ಲಿಸಿದ. ಹೊಂದಿಕೆಯಾಗಲೆಂದು ಇದ್ದ ಒಂದೇ ಕಪ್ಪು ಕೋಟು ತೊಟ್ಟು, ಒಂದೇ ಕುರ್ಚಿಯಲ್ಲಿ ಕುಳಿತ.

ಕೆಳಗೆ ಟ್ರಾಲಿಬಸ್ಸು ಬಂತು, ಹೋಯಿತು. ಏನೂ ಅಲುಗಲಿಲ್ಲ.

ರಾಂಗೆಲ್ ಉಸಿರು ಹಿಡಿದು ಕೇಳಿದ. ಸದ್ದಿಲ್ಲದೆ ಇರುವುದು ಖಾಲಿಯಾಗಿರುತ್ತದೆಂದು ಅವನು ಎಣಿಸಿದ್ದ. ಹಾಗಿರಲಿಲ್ಲ. ಎಲ್ಲೋ ದೂರದಲ್ಲಿ ಡಾನ್ಯೂಬ್ ನದಿಯ ಮೇಲೆ ದೋಣಿಯೊಂದರ ಮೋಟಾರು, ಪಕ್ಕದ ಛಾವಣಿಯ ಪಾರಿವಾಳ, ಕೊನೆಗೆ ತನ್ನದೇ ಉಸಿರು. ಇಪ್ಪತ್ತೆರಡು ವರ್ಷ ಈ ಮನೆಯಲ್ಲಿ ತಾನೂ ಉಸಿರಾಡುತ್ತಿದ್ದೆ ಎಂಬುದೇ ಅವನಿಗೆ ಹೊಸ ಸುದ್ದಿಯಾಗಿತ್ತು. ಅವನ ಕಣ್ಣು ಒದ್ದೆಯಾಯಿತು.

ಎವ್ದೋಕಿಯಾ ಬಾಗಿಲಿಗೆ ಬಂದು ನಿಂತದ್ದು ಸರಿಯಾಗಿ ಆಗ.

ಅವಳು ನೋಡಿದ್ದಿಷ್ಟು: ತೆರೆದ ಬಾಗಿಲು. ಬಟ್ಟೆ ಮುಚ್ಚಿದ ಕನ್ನಡಿ. ನಿಂತ ಗಡಿಯಾರ. ಬರಿದಾದ ಕೋಣೆಯ ನಡುವೆ ಉದ್ದನೆಯ ಮೇಜು. ಉರಿಯುವ ಬತ್ತಿ. ಬಿಳಿ ಹೂ — ಎಣಿಸಿದಳು — ನಾಲ್ಕು. ಕಪ್ಪು ಕೋಟಿನಲ್ಲಿ ಒದ್ದೆ ಕಣ್ಣಿನ ಅಳಿಯ. ಆ ಊರಿನಲ್ಲಿ ಸಾವಿನ ಮನೆಗೆ ಇನ್ನೇನು ಬೋರ್ಡು ಹಾಕಬೇಕೇ?

“ಅಯ್ಯೋ ನನ್ನ ದೆಸ್ಪಾ!” ಎಂದು ಎದೆ ಬಡಿದುಕೊಂಡು ಅವನನ್ನು ತಬ್ಬಿಕೊಂಡಳು. “ಮೊಣಕಾಲಿಗೆ ಅಂತ ಹೋದೋಳು, ಹೀಗೆ ಪೂರ್ತಿ ಹೋಗ್ಬಿಟ್ಲಾ! ಅದಕ್ಕೇ ನಿನ್ನೆ ಶೋಕೇಸ್ ಖಾಲಿ ಮಾಡ್ಸಿದ್ಯಾ! ಬಾಯಿ ಬಿಟ್ಟು ಒಂದು ಮಾತು ಹೇಳ್ಬಾರ್ದಾ?”

“ಚಿಕ್ಕಮ್ಮ, ಯಾರೂ ಸತ್ತಿಲ್ಲ!”

“ಗೊತ್ತಪ್ಪ. ನನ್ನ ಗಂಡ ಸತ್ತಾಗ ನಾನೂ ಹಾಗೇ ಅಂದಿದ್ದೆ. ಮೂರು ದಿನ ಅಂದಿದ್ದೆ.”

“ಇದು ಒಳಾಂಗಣ ಅಲಂಕಾರ ಚಿಕ್ಕಮ್ಮ! ಪತ್ರಿಕೇಲಿ ಬಂದಿದೆ!”

“ಪತ್ರಿಕೇಲೂ ಹಾಕ್ಸಿದ್ಯಾ? ಒಳ್ಳೆ ಅಳಿಯ ಕಣಪ್ಪ ನೀನು. ಇದುವರೆಗೂ ನಿನ್ನ ಬಗ್ಗೆ ತಪ್ಪು ತಿಳ್ಕೊಂಡಿದ್ದೆ.”

ಅವಳು ಮೆಟ್ಟಿಲಲ್ಲಿ ಅಳುತ್ತ ಇಳಿದಳು. ಅವಳ ಅಳು ಮೂರನೆಯ ಮಹಡಿಗೆ ಮುಟ್ಟಿ, ಅಲ್ಲಿಂದ ಎರಡನೆಯದಕ್ಕೆ ಇಳಿದು, ಹೂವಿನವಳ ಸುದ್ದಿಯನ್ನು ಬಾಗಿಲಲ್ಲೇ ಸಂಧಿಸಿ, ಇಮ್ಮಡಿಯಾಗಿ ಮೇಲಕ್ಕೆ ಬಂತು.

ಅರ್ಧ ಗಂಟೆಯಲ್ಲಿ ಕೋಣೆ ತುಂಬಿತು. ಸಾವಿನ ಮನೆಗೆ ಬರಿಗೈಯಲ್ಲಿ ಬರುವುದು ಆ ಕಟ್ಟಡದ ಪದ್ಧತಿಯಲ್ಲ. ಅದರಲ್ಲೂ ಒಳಗೆ ಒಂದೇ ಕುರ್ಚಿ ಎಂದು ತಿಳಿದ ಮೇಲೆ ಪ್ರತಿಯೊಬ್ಬರೂ ತಮ್ಮ ಕುರ್ಚಿಯನ್ನೂ ತಲೆಯ ಮೇಲೆ ಹೊತ್ತು ತಂದರು. ಹಸಿರು ಪ್ಲಾಸ್ಟಿಕ್ಕಿನದು, ಬೆತ್ತದ್ದು, ಮೂರು ಕಾಲಿನದು, ಒಂದು ಕ್ಷೌರದ ಅಂಗಡಿಯದು. ಬೇಯಿಸಿ ಸಕ್ಕರೆ ಉದುರಿಸಿದ ಗೋಧಿ ಬಂತು, ರೊಟ್ಟಿ ಬಂತು, ಕೆಂಪು ವೈನು ಬಂತು. ಕಪ್ಪು ತಲೆವಸ್ತ್ರದ ಹೆಂಗಸರು ಮೇಜಿನ ಸುತ್ತ ಕುಳಿತು ಕಾಗೆಗಳು ಸಭೆ ಸೇರಿದಂತೆ ಕಂಡರು.

ರಾಂಗೆಲ್ ಮೂಲೆಗೆ ಹೋಗಿ ಸ್ನೆಜಾಗೆ ಫೋನ್ ಮಾಡಿದ. ಸ್ವಿಚ್ ಆಫ್. ಮತ್ತೆ ಮಾಡಿದ. ಹದಿನೇಳು ಸಲ ಮಾಡಿದ. ಹದಿನೇಳನೆಯ ಸಲಕ್ಕೆ ಅವನಿಗೂ ಅನುಮಾನ ಹುಟ್ಟಿತು. ಇಷ್ಟು ಜನ ಇಷ್ಟು ಖಚಿತವಾಗಿ ಅಳುತ್ತಿದ್ದಾರಲ್ಲ, ತನಗೊಬ್ಬನಿಗೇ ಸುದ್ದಿ ಬಂದಿಲ್ಲವೋ ಏನೋ?

“ಫೋನ್ ಯಾಕೆ ಮಾಡ್ತೀಯ ಬಿಡು, ಪಾಪ ಆ ಹುಡುಗಿ ಶವದ ಜತೆ ಬರ್ತಿರ್ತಾಳೆ,” ಎಂದು ಎವ್ದೋಕಿಯಾ ಅವನ ಕೈಗೊಂದು ಲೋಟ ವೈನು ಕೊಟ್ಟಳು. “ತಗೋ. ಮೊದಲು ಅವಳಿಗೆ.”

ಮೊದಲು ಅವಳಿಗೆ ಎಂದರೆ, ಕುಡಿಯುವ ಮುಂಚೆ ಸತ್ತವರ ಪಾಲಿನದೆಂದು ನೆಲಕ್ಕೆ ನಾಲ್ಕು ಹನಿ ಚೆಲ್ಲುವುದು. ರಾಂಗೆಲನಿಗೆ ಅದು ಹೊಳೆಯುವಷ್ಟರಲ್ಲಿ ತಡವಾಗಿತ್ತು.

“ಬೇಡ! ಜಮಖಾನ!” ಎಂದು ಕೂಗಿದ.

“ದೇವರು ಕ್ಷಮಿಸಲಿ!” ಎಂದು ಹದಿನಾಲ್ಕು ಜನ ಒಟ್ಟಿಗೆ ಲೋಟ ಬಗ್ಗಿಸಿದರು.

ಬಿಳಿ ಜಮಖಾನಕ್ಕೆ ದಡಾರ ಎದ್ದಿತು. ರಾಂಗೆಲ್ ಅದರ ಮೇಲೆ ಬಿದ್ದು ಕೋಟಿನ ತೋಳಿನಿಂದಲೇ ಕಲೆ ಉಜ್ಜತೊಡಗಿದ.

“ಪಾಪ, ಜಮಖಾನದ ಮೇಲೆ ಬಿದ್ದು ಅಳ್ತಿದಾನೆ ನೋಡಿ,” ಎಂದಳೊಬ್ಬಳು. “ಅತ್ತೆ ಅಂದ್ರೆ ಇಷ್ಟು ಪ್ರಾಣ ಇಟ್ಕೊಂಡಿರೋ ಅಳಿಯನ್ನ ನಾನೆಲ್ಲೂ ಕಂಡಿಲ್ಲ.”

ಆಗ ಸ್ತಾಮೆನ್ ಬಂದ. ಕೈಯಲ್ಲಿ ಕಾಗದದ ಕಟ್ಟು. ಊರಿನಲ್ಲಿ ಯಾರೇ ಸತ್ತರೂ ಫೋಟೋ ಸಮೇತ ಕಪ್ಪಂಚಿನ ಚೀಟಿ ಬಾಗಿಲಿಗೆ ಅಂಟಬೇಕು. ಈ ಕಟ್ಟಡದ ಮಟ್ಟಿಗೆ ಅದು ಸ್ತಾಮೆನ್ನನ ಖಾತೆ. ನಲವತ್ತೆರಡು ನಿವಾಸಿಗಳ ಚೀಟಿಗಳನ್ನೂ ಅವನು ಕಂಪ್ಯೂಟರಿನಲ್ಲಿ ಮೊದಲೇ ಸಿದ್ಧಮಾಡಿಟ್ಟಿದ್ದನೆಂದೂ, ತಾರೀಖು ತುಂಬುವುದಷ್ಟೇ ಬಾಕಿಯೆಂದೂ ಜನ ಹೇಳುತ್ತಿದ್ದರು.

“ಕೆಳಬಾಗಿಲಿಗೆ ಒಂದು, ಲಿಫ್ಟಿಗೆ ಒಂದು, ನಿಮ್ಮ ಬಾಗಿಲಿಗೆ ಒಂದು, ಬಸ್ ಸ್ಟಾಪಿಗೆ ಎರಡು. ಎಲ್ಲಾ ಅಂಟಿಸಿ ಆಯ್ತು,” ಎಂದು ವರದಿ ಒಪ್ಪಿಸಿದ. “ಫೋಟೋ ಶೋಕೇಸಿಂದ ತಗೊಂಡೆ. ಏನು ತುರುಬಯ್ಯಾ ಅದು!”

ರಾಂಗೆಲ್ ಚೀಟಿ ನೋಡಿದ. ಅತ್ತೆ ಅಲ್ಲಿಂದ ಅವನನ್ನು, ಶೋಕೇಸಿನೊಳಗಿಂದ ನೋಡುತ್ತಿದ್ದಂತೆಯೇ ನೋಡುತ್ತಿದ್ದಳು. ಕೆಳಗೆ: ‘ಎಂಬತ್ತೆರಡು ವರ್ಷದ ನಮ್ಮೆಲ್ಲರ ಪ್ರೀತಿಯ ದೆಸ್ಪಾ. ನಿನ್ನ ದನಿಯಿಲ್ಲದ ಮನೆ ಬರಿದಾಯಿತು.’

“ಸ್ತಾಮೆನಣ್ಣ,” ಎಂದ ರಾಂಗೆಲ್, ಕಚೇರಿಯಲ್ಲಿ ಅತಿ ಕೋಪಿಷ್ಠರಿಗೆಂದು ಇಟ್ಟುಕೊಂಡ ತಣ್ಣನೆಯ ದನಿಯಲ್ಲಿ, “ನಮ್ಮತ್ತೆ ಬದುಕಿದಾರೆ. ಸಂಜೆ ಐದು ಗಂಟೆ ಬಸ್ಸಿಗೆ ಬರ್ತಾರೆ.”

ಸ್ತಾಮೆನ್ ಅವನ ಭುಜದ ಮೇಲೆ ಕೈಯಿಟ್ಟ. “ಬರ್ತಾರಪ್ಪ, ಬರ್ತಾರೆ. ನಲವತ್ತು ದಿನ ಆತ್ಮ ಮನೆಗೆ ಬರ್ತಾನೇ ಇರತ್ತೆ.” ಆಮೇಲೆ ಹೆಂಗಸರತ್ತ ತಿರುಗಿ ಮೆಲ್ಲಗೆ, “ಇವನಿಗೆ ಇನ್ನೊಂದು ಲೋಟ ಕೊಡಿ,” ಎಂದ.

ಅಷ್ಟರಲ್ಲಿ ಮೂರು ಹೊಡೆಯಿತು; ರಾಂಗೆಲನ ಗಡಿಯಾರದಲ್ಲಲ್ಲ, ಚರ್ಚಿನಲ್ಲಿ.

ಸಂಪಾದಕಿ ಕಾಲಿನಾ ಕ್ಯಾಮರಾ ಹೊತ್ತು ನಾಲ್ಕನೆಯ ಮಹಡಿ ಹತ್ತಿ ಬಂದು, ಬಾಗಿಲಿನ ಚೀಟಿ ನೋಡಿ ನಿಂತುಬಿಟ್ಟಳು. ಸಾವಿನ ಮನೆಯಲ್ಲಿ ಗೋಡೆಯ ಬಣ್ಣ ಕೇಳುವಷ್ಟು ಧೈರ್ಯ ಅವಳಿಗಿರಲಿಲ್ಲ. ಹಿಂದಿರುಗಬೇಕೆನ್ನುವಾಗ, ಇನ್ನಷ್ಟು ಲೋಟ ತರಲೆಂದು ತನ್ನ ಮನೆಗೆ ಓಡುತ್ತಿದ್ದ ಎವ್ದೋಕಿಯಾ ಎದುರಾದಳು.

“ದೂರದಿಂದ ಬಂದಿದೀಯಾ ಮಗಳೇ? ಬಾ, ಒಂದು ಗುಟುಕು ಕಾಫಿ ಕುಡ್ಕೊಂಡು ಹೋಗು. ಅಳೋದು ಆಮೇಲೂ ಅಳಬಹುದು.”

ಜನರ ನಡುವಿನಿಂದ ಹೊರಬರಲು ರಾಂಗೆಲನಿಗೆ ಹತ್ತು ನಿಮಿಷ ಹಿಡಿಯಿತು. ಸಮಾಧಾನ ಹೇಳದೆ ಯಾರೂ ದಾರಿ ಬಿಡಲಿಲ್ಲ. ಎದುರುಮನೆಯಿಂದ ಕ್ಯಾಮರಾದ ಕ್ಲಿಕ್ ಕ್ಲಿಕ್ ಕೇಳಿತು. ಓಡಿದ. ಕಾಲಿನಾ ಎವ್ದೋಕಿಯಾಳ ಹಜಾರದಲ್ಲಿ ಮಂಡಿಯೂರಿ, ಶೋಕೇಸಿನೊಳಗಿನ ಪಿಂಗಾಣಿ ಮೀನಿನ ಬಾಯಿಗೆ ಕ್ಯಾಮರಾ ಹಿಡಿದಿದ್ದಳು.

“ಮೇಡಂ! ಅದಲ್ಲ! ನನ್ನ ಕೋಣೆ ಆ ಕಡೆ!”

ಕಾಲಿನಾ ಬಂದು ಇಣುಕಿದಳು. ಹದಿನಾಲ್ಕು ಜನ, ಹದಿನಾಲ್ಕು ಜಾತಿಯ ಕುರ್ಚಿ, ಗೋಧಿಯ ಬಟ್ಟಲು, ದಡಾರದ ಜಮಖಾನ. ಎಲ್ಲದರ ಮೇಲೆ ತಲೆಯೆತ್ತಿ ನಿಂತ ನಾಲ್ಕು ಲಿಲ್ಲಿ. ಅದನ್ನು ನೋಡಿ ಅವಳು ಹಣೆ ಒತ್ತಿಕೊಂಡಳು.

“ಮೂವತ್ತನಾಲ್ಕನೇ ಪುಟ ತಾನೇ? ತಿಂಗಳಿಗೆ ನಲವತ್ತು ಜನ ಇದೇ ಬಿಳಿ ಕೋಣೆ ಫೋಟೋ ಕಳಿಸ್ತಾರೆ. ನೋಡಿ ನೋಡಿ ಹಿಮದಲ್ಲಿ ಕಣ್ಣು ಹೋದೋರ ಥರ ಆಗಿದೀನಿ. ಆದ್ರೆ ಹೂ ನಾಲ್ಕು ಇಟ್ಟೋರು ಇವತ್ತಿನವರೆಗೂ ಯಾರೂ ಇಲ್ಲ.”

“ಪತ್ರಿಕೇಲಿ ನಾಲ್ಕೇ ಇತ್ತಲ್ಲ ಮೇಡಂ!”

“ಐದಿತ್ತು ಸ್ವಾಮಿ. ಹಾಳೆ ಅಂಚು ಕತ್ತರಿಸುವಾಗ ಒಂದು ಹೋಯ್ತು. ಇದು ಎಲ್ಲರಿಗೂ ಅರ್ಥವಾಗತ್ತೆ ಅಂದ್ಕೊಂಡಿದ್ವಿ.”

ರಾಂಗೆಲ್ ಬಾಗಿಲ ಚೌಕಟ್ಟಿಗೆ ಒರಗಿದ. ಕತ್ತರಿಯಂಚಿಗೆ ಸಿಕ್ಕ ಒಂದು ಹೂವು. ಅದು ಅಲ್ಲಿದ್ದಿದ್ದರೆ, ಈ ಹೊತ್ತಿಗೆ ಅವನು ಒಂಟಿ ಕುರ್ಚಿಯಲ್ಲಿ ಗೆದ್ದು ಕುಳಿತಿರುತ್ತಿದ್ದ.

“ಆದ್ರೆ ಇದು!” ಕಾಲಿನಾ ಎವ್ದೋಕಿಯಾಳ ಹಜಾರಕ್ಕೆ ವಾಪಸು ಬಂದು ಶೋಕೇಸಿನತ್ತ ತಿರುಗಿದಳು. ಅವಳ ದನಿಯೇ ಬೇರೆಯಾಯಿತು. “ನಮ್ಮಜ್ಜಿ ಮನೇಲಿ ಇಂಥದ್ದಿತ್ತು. ಎಲ್ಲರೂ ಒಡೆದು ಒಲೆಗೆ ಹಾಕ್ಬಿಟ್ರು. ಇದೇ ಬರೋ ವರ್ಷದ ಮನೆ. ಇದರ ಒಡತಿ ಯಾರು? ಅವರನ್ನ ಇದರ ಮುಂದೆ ಕೂರಿಸಿ ಒಂದು ತೆಗೀಬೇಕು.”

“ಒಡತಿ ಎಲ್ಲಿಂದ ತರ್ಲಿ ಮಗಳೇ?” ಎವ್ದೋಕಿಯಾ ಗೊಳೋ ಎಂದಳು. “ಅವಳಿಗೇ ಅಲ್ವಾ ಅಲ್ಲಿ ಗೋಧಿ ಬೇಯಿಸಿರೋದು!”

“ಗೋಧಿಗೆ ಸಕ್ಕರೆ ಕಮ್ಮಿಯಾಗಿದೆ,” ಎಂದಿತು ಬಾಗಿಲಿನಿಂದ ಒಂದು ದನಿ.

ಬಾಗಿಲಲ್ಲಿ ದೆಸ್ಪಾ ನಿಂತಿದ್ದಳು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಲಿಫ್ಟಿನಿಂದ ಕಿತ್ತ ಅವಳದೇ ಸಾವಿನ ಚೀಟಿ, ತುಟಿಯಂಚಿನಲ್ಲಿ ಒಂದು ಗೋಧಿ ಕಾಳು. ಹಿಂದೆ ಏದುಸಿರು ಬಿಡುತ್ತ ಸ್ನೆಜಾ. ದಾರಿಯಲ್ಲಿ ಫೋನ್ ತೆರೆದು, ಮದುವೆಯಾದಾಗಿನಿಂದ ತಾನಾಗಿ ಫೋನ್ ಮಾಡದ ಗಂಡನ ಹದಿನೇಳು ಕರೆ ಕಂಡು, ಗಾಬರಿಯಾಗಿ ಅರ್ಧದಾರಿಯಲ್ಲೇ ಬಸ್ಸಿಳಿದು ಟ್ಯಾಕ್ಸಿ ಹಿಡಿದು ಬಂದಿದ್ದಳು.

ಎವ್ದೋಕಿಯಾ ಶಿಲುಬೆಯ ಗುರುತು ಹಾಕಿಕೊಂಡು ಸೋಫಾದ ಮೇಲೆ ಕುಸಿದಳು. ಕಾಗೆಸಭೆ ಪೂರ್ತಿ ರಾಂಗೆಲನ ಮನೆಯಿಂದ ಎದ್ದು ಬಂದು ಬಾಗಿಲಲ್ಲಿ ಬಾಯಿ ತೆರೆದು ನಿಂತಿತು.

“ಎಂಬತ್ತೆರಡು ಅಂತ ಹಾಕ್ದೋನು ಯಾವನು?” ಎಂದಳು ದೆಸ್ಪಾ.

ಸ್ತಾಮೆನ್ ಒಂದು ಹೆಜ್ಜೆ ಹಿಂದಿಟ್ಟ.

“ನನಗೆ ಎಪ್ಪತ್ತೊಂಬತ್ತು ಕಣಯ್ಯ! ಸಾಯ್ಸೋದಾದ್ರೆ ಸಾಯ್ಸು. ಮುದುಕಿ ಯಾಕೆ ಮಾಡ್ತೀಯ?” ಚೀಟಿಯನ್ನು ದೂರ ಹಿಡಿದು ಇನ್ನೊಮ್ಮೆ ನೋಡಿದಳು. “ಫೋಟೋ ಮಾತ್ರ ಚೆನ್ನಾಗಿ ಆರ್ಸಿದೀಯ.” ಆಮೇಲೆ ಕಪ್ಪು ವಸ್ತ್ರದವರನ್ನು ಒಂದು ಸುತ್ತು ಕಣ್ಣಲ್ಲೇ ಎಣಿಸಿದಳು. “ಎರಡನೇ ಮಹಡಿಯೋರು ಬಂದಿಲ್ವಾ? ಬರ್ಲಿ, ನೆನಪಿಟ್ಕೋತೀನಿ. ಯಾರ್ಯಾರು ಅತ್ರಿ?”

“ಎಲ್ಲರಿಗಿಂತ ಜಾಸ್ತಿ ನಿಮ್ಮ ಅಳಿಯ,” ಎಂದರು ಯಾರೋ. “ಜಮಖಾನದ ಮೇಲೆ ಬಿದ್ದು ಹೊರಳಾಡಿಬಿಟ್ಟ.”

ದೆಸ್ಪಾ ನಿಧಾನವಾಗಿ ರಾಂಗೆಲನತ್ತ ತಿರುಗಿದಳು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಅವಳ ನೋಟ ಮೆತ್ತಗಾಗಿತ್ತು. ರಾಂಗೆಲನಿಗೆ ಆ ನೋಟ ಹಳೆಯದಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

“ಅಜ್ಜಿ, ಅಲುಗಾಡ್ಬೇಡಿ!” ಎಂದು ಕಾಲಿನಾ ಕೂಗಿದಳು. “ಹಾಗೇ ಬಂದು ಶೋಕೇಸ್ ಮುಂದೆ ಕೂತ್ಕೊಳ್ಳಿ. ಊರುಗೋಲು ಇರ್ಲಿ. ಮಗಳು ಪಕ್ಕಕ್ಕೆ. ಕಾಫಿ ಕೊಟ್ಟ ಅಮ್ಮ ಹಿಂದಕ್ಕೆ. ಚೀಟಿಯೋರು ಆ ಕಡೆ. ಅಳಿಯಂದಿರೇ, ನೀವು ಇನ್ನೂ ಸ್ವಲ್ಪ ಎಡಕ್ಕೆ. ಇನ್ನೂ ಸ್ವಲ್ಪ. ಹಾಂ!”

ಕ್ಲಿಕ್.

ಕೆಳಗೆ ಟ್ರಾಲಿಬಸ್ಸು ಹೋಯಿತು. ನಲವತ್ತಾರು ಲೋಟಗಳೂ ಚಪ್ಪಾಳೆ ತಟ್ಟಿದವು.

ಕಾಲಿನಾ ಹೋದ ಮೇಲೆ ಸ್ನೆಜಾ ಬಿಳಿ ಕೋಣೆಯಲ್ಲಿ ಒಂದು ಸುತ್ತು ಬಂದಳು. ಜಮಖಾನ ನೋಡಿದಳು. ಕ್ಷೌರದ ಕುರ್ಚಿ ನೋಡಿದಳು. ಬೈಯಲಿಲ್ಲ. ಮೇಜಿನ ಮೇಲಿದ್ದ ಮೂವತ್ತನಾಲ್ಕನೆಯ ಪುಟವನ್ನೆತ್ತಿ ಅಂಚಿನ ಬರಹವನ್ನು ಗಟ್ಟಿಯಾಗಿ ಓದಿದಳು.

“‘ಫೋಟೋದಲ್ಲಿ ಏನಿರುತ್ತದೋ ಅದು ಮನೆಯಲ್ಲಿರಲಿ. ಏನಿರುವುದಿಲ್ಲವೋ ಅದು ಹೊರಗೆ.’ ನನ್ನ ಸಹಿ. ನಿನ್ನ ಸಹಿ. ತಾರೀಖು.”

“ಆದ್ರೆ ಫೋಟೋ ತೆಗೆದಿದ್ದು ಚಿಕ್ಕಮ್ಮನ ಮನೇಲಿ!”

“ಏನಿರತ್ತೋ ಅಂತಿದೆ. ಎಲ್ಲಿ ಅಂತ ಬರೆಸ್ಕೊಂಡಿಲ್ಲ ನೀನು.”

ಸ್ತಾಮೆನ್ ಆಗಲೇ ಶೋಕೇಸಿನ ಮೊದಲ ತುಂಡಿಗೆ ಹೆಗಲು ಕೊಟ್ಟಿದ್ದ. ದೆಸ್ಪಾ ತನ್ನ ಗೋಧಿಯನ್ನು ತಾನೇ ತಿನ್ನುತ್ತ ಮೇಜಿನ ತಲೆಗೆ ಕುಳಿತಿದ್ದಳು.

“ಫೋಟೋದಲ್ಲಿ ನಾನೂ ಇದೀನಲ್ಲ?” ಎಂದಳು.

ದಿನವೆಲ್ಲ ರಾಂಗೆಲ್ ಹಂಬಲಿಸಿದ್ದ ಮೌನ ಈಗ, ಬೇಡದ ಗಳಿಗೆಯಲ್ಲಿ, ಕೋಣೆಯ ತುಂಬ ನಿಂತಿತು.

“ಸೋಮವಾರದ ಬಸ್ಸಿನ ಟಿಕೆಟ್ ವಾಪಸ್ ಮಾಡ್ಬಿಡು ಸ್ನೆಜಾ,” ಎಂದಳು ದೆಸ್ಪಾ. “ಬರೆದ ಮಾತಿಗೆ ಬೆಲೆ ಕೊಡ್ಬೇಕು. ಅಲ್ಲದೆ, ನನಗೋಸ್ಕರ ನೆಲದಲ್ಲಿ ಹೊರಳಾಡಿ ಅತ್ತ ಅಳಿಯನ್ನ ಒಂಟಿಯಾಗಿ ಬಿಟ್ಟು ಹೋಗೋಕೆ ಮನಸ್ಸಾದ್ರೂ ಹೇಗೆ ಬರತ್ತೆ?” ಹೂದಾನಿಯನ್ನು ಹತ್ತಿರಕ್ಕೆಳೆದುಕೊಂಡು ಒಂದು ಲಿಲ್ಲಿಯನ್ನು ಕಿತ್ತು ತನ್ನ ಮುಡಿಗೆ ಸಿಕ್ಕಿಸಿಕೊಂಡಳು. “ಮೂರು. ಈಗ ಇದು ಬದುಕಿರೋರ ಮನೆ.”

ಜನವರಿಯಲ್ಲಿ ಪತ್ರಿಕೆ ಬಂತು. ನಡುವಿನ ಎರಡು ಪುಟದ ತುಂಬ ಶೋಕೇಸು, ಅದರ ಮುಂದೆ ಚಕ್ರವರ್ತಿನಿಯಂತೆ ದೆಸ್ಪಾ, ಪಕ್ಕದಲ್ಲಿ ಸ್ನೆಜಾ. ಹಿಂದೆ ಎವ್ದೋಕಿಯಾ ಮತ್ತು ಚೀಟಿ ಹಿಡಿದ ಸ್ತಾಮೆನ್. ತಾವೂ ಫೋಟೋದಲ್ಲಿದ್ದೇವೆಂಬ ಹಕ್ಕಿನಿಂದ ಅವರಿಬ್ಬರೂ ಅಕ್ಟೋಬರಿನಿಂದಲೇ ದಿನಾ ಸಂಜೆ ಕಾಫಿಗೆ ಬಂದು ಶೋಕೇಸಿನ ಮುಂದೆ ಕೂರುತ್ತಿದ್ದರು. ಅಂದೂ ಕುಳಿತಿದ್ದರು. ಪತ್ರಿಕೆ ಕೈಯಿಂದ ಕೈಗೆ ಹೋಯಿತು.

“ನಮ್ಮ ರಾಂಗೆಲ್ ಎಲ್ಲಿ?” ಎಂದಳು ಎವ್ದೋಕಿಯಾ.

ಎಲ್ಲರೂ ಹುಡುಕಿದರು. ಸ್ನೆಜಾ ಕನ್ನಡಕ ಹಾಕಿಕೊಂಡು ಪುಟದ ಎಡ ಅಂಚನ್ನು ಮೂಗಿನ ಹತ್ತಿರ ತಂದಳು. ಅಲ್ಲಿ, ಹಾಳೆ ಕತ್ತರಿಸಿದ ಗೆರೆಯಿಂದ ಈಚೆಗೆ, ಕಪ್ಪು ಕೋಟಿನ ಒಂದು ಮೊಣಕೈ ಇತ್ತು.

ದೆಸ್ಪಾ ಸ್ನೆಜಾಳ ಮುಖ ನೋಡಿದಳು. ಸ್ನೆಜಾ, ಬರೆದ ಮಾತನ್ನು ಮೀರದ ಹೆಂಗಸು, ಆ ಮೊಣಕೈಯನ್ನು ಬೆರಳಿನಿಂದ ಅಳೆದಳು.

“ಮೊಣಕೈ ಇರ್ಲಿ,” ಎಂದಳು. “ಉಳಿದಿದ್ದಕ್ಕೆ ಏನು ಮಾಡೋದು ನೋಡೋಣ.”

ಕೆಳಗೆ ಟ್ರಾಲಿಬಸ್ಸು ಹೋಯಿತು, ಲೋಟಗಳು ನಕ್ಕವು. ರಾಂಗೆಲ್ ಎದ್ದು ಕೋಟು ಹಾಕಿಕೊಂಡ.

“ಎಲ್ಲಿಗೆ?”

“ದಂತವೈದ್ಯರ ಹತ್ರ. ಅಲ್ಲಿ ಮುಕ್ಕಾಲು ಗಂಟೆ ಕಾಯ್ಸ್ತಾರೆ.”

“ಯಾವ ಹಲ್ಲು ನೋವು?”

“ಯಾವುದಾದ್ರೂ ಸರಿ,” ಎಂದು ರಾಂಗೆಲ್ ಮೆಟ್ಟಿಲಿಳಿದ.